ಸಮತಟ್ಟು ನೆಲ

ಮೆಟ್ಟಿಲಾದರೆ ಏರುತ್ತಾನೆ ಎಲೆಯುತೇರಿಯೋ.
ನಿಂತುಬಿಡುವುದು ಸಮತಟ್ಟು ನೆಲದಲ್ಲಿ.

ಇದನ್ನು ಅವನ ಹೆಂಡತಿ ನಂಬಲು ಮೂರು ವಾರ ಹಿಡಿಯಿತು.
‘ಬಂದರಿನಿಂದ ನೂರಾ ಹದಿನಾಲ್ಕು ಮೆಟ್ಟಿಲು ಹತ್ತಿ ಬಂದವನು
ಅಡುಗೆಮನೆ ಬಾಗಿಲಲ್ಲಿ ಕಂಬ!
ನಾಟಕವಲ್ಲದೆ ಇನ್ನೇನು?’ ಎಂದಳು ಒರ್ತೆನ್ಸಿಯಾ,
ಹಲ್ಲಿನ ನಡುವೆ ಗುಂಡುಸೂಜಿ ಕಚ್ಚಿಕೊಂಡೇ,
ಯಾರದೋ ಮದುವೆಯ ಅಂಗಿಗೆ ತೋಳು ಕೂಡಿಸುತ್ತ.

ನಾಟಕವಲ್ಲ, ಸೆನ್ಯೋರಾ.
ಮಿದುಳಿನೊಳಗೆ ಒಬ್ಬ ಗುಮಾಸ್ತ ಕೆಲಸ ಬಿಟ್ಟಿದ್ದಾನೆ,
ಪ್ರತಿ ಹೆಜ್ಜೆಯ ಕಡತಕ್ಕೂ ರುಜು ಹಾಕುತ್ತಿದ್ದವನು.
ಮೆಟ್ಟಿಲು ತಾನೇ ರುಜು ಹಾಕಿಕೊಡುತ್ತದೆ:
ಅಂಚು ಕಾಣುತ್ತದೆ, ಕಾಲು ಏಳುತ್ತದೆ.
ಬರೀ ನೆಲ ಏನನ್ನೂ ಹೇಳುವುದಿಲ್ಲ.

ವಾಲ್ಪರೈಸೋದ ಗುಡ್ಡದ ಹಳಿಗಾಡಿಯಲ್ಲಿ ನಲವತ್ತೊಂದು ವರ್ಷ
ಜನರನ್ನು ಮೆಟ್ಟಿಲಿನಿಂದ ಪಾರುಮಾಡುವುದೇ ಅವನ ಕೆಲಸವಾಗಿತ್ತು.
ಒಂದು ಡಬ್ಬಿ ಮೇಲಕ್ಕೆ, ಇನ್ನೊಂದು ಕೆಳಕ್ಕೆ,
ನಡುವೆ ಅವನ ಕೈಯ ಹಿಡಿಕೆ;
ಮೀನಿನ ಬುಟ್ಟಿ, ಬಸುರಿಯರು, ಶಾಲೆ ತಪ್ಪಿಸಿದ ಹುಡುಗರು,
ಒಮ್ಮೆ ಒಂದು ಪಿಯಾನೋ.
‘ಈಗ ನೋಡು, ಮೆಟ್ಟಿಲೇ ನನ್ನನ್ನು ಹೊರುತ್ತಿದೆ’ ಎಂದು ನಕ್ಕ.
ಮುಖ ನಗಲಿಲ್ಲ, ಮುಖದ ಕಡತವೂ ಬಾಕಿ ಇದೆ.
ನಗು ಕಂಡದ್ದು ಭುಜದಲ್ಲಿ.

ಮಂಗಳವಾರ, ಶುಕ್ರವಾರ ನಾನು ಹೋಗುತ್ತೇನೆ.
ಕುರ್ಚಿಯಿಂದ ಏಳು, ಕೂರು, ಹತ್ತು ಸಲ.
ಕೈ ಬೀಸು, ಊರಿಗೆಲ್ಲ ಕಾಣುವಷ್ಟು ಅಗಲ.
ಗಟ್ಟಿಯಾಗಿ ಮಾತಾಡು, ಎದುರುಗುಡ್ಡದವನಿಗೆ ಕೇಳಲಿ.
ನನ್ನ ಮೆಟ್ರೊನೋಮಿನ ಟಿಕ್‌ಟಿಕ್ ಅವನಿಗೆ ಹಿಡಿಸಲಿಲ್ಲ.
‘ಎರಡು ಗಂಟೆ ಅಂದರೆ ಗಾಡಿ ಬಿಡು’ ಎಂದ.
ಚಮಚದಿಂದ ಲೋಟಕ್ಕೆ ಟಣ್ ಟಣ್ ಬಾರಿಸಿದೆ.
ಹಿಮ್ಮಡಿ ಮೇಲೆದ್ದಿತು,
ಕಾಲೇಜಿನಲ್ಲಿ ಇದನ್ನು ಯಾರೂ ನನಗೆ ಕಲಿಸಿರಲಿಲ್ಲ.

ಆಮೇಲೆ ನೆಲದ ಜಗಳ.
ನಾನು ಹಳದಿ ಟೇಪು ಅಂಟಿಸಿದೆ, ಅಡ್ಡಡ್ಡ,
ನಲವತ್ತೈದು ಸೆಂಟಿಮೀಟರಿಗೆ ಒಂದು,
ಬಯಲಿನಲ್ಲಿ ಮಲಗಿಸಿದ ಮೆಟ್ಟಿಲುಗಳ ಹಾಗೆ.
ಮುಂದಿನ ಸಲ ಹೋದರೆ ಒಂದೂ ಇಲ್ಲ.
ಪ್ರತಿ ಶನಿವಾರ ಮೊಣಕಾಲೂರಿ
ಕೆಂಪು ಮೇಣ ತಿಕ್ಕಿ ಬೆಳಗಿಸಿದ ನೆಲ ಅದು;
ಟೇಪು ಕಿತ್ತರೆ ಚರ್ಮ ಸುಲಿದ ಹಾಗೆ ಕಾಣುತ್ತದಂತೆ.
ಮೇಣ ಜಾರುತ್ತದೆ ಎಂದೆ.
‘ನಿನ್ನ ವಯಸ್ಸಿಗಿಂತ ಹಳೆಯದು ನನ್ನ ನೆಲ’ ಎಂದಳು.

ಆಗಸ್ಟಿನ ಚಳಿಯಲ್ಲೊಂದು ರಾತ್ರಿ ಅವನು ಬಿದ್ದ.
ಎಲುಬು ಉಳಿಯಿತು, ಹಲ್ಲೊಂದು ಹೋಯಿತು.
ಮೇಣದ ಡಬ್ಬಿ ಅಟ್ಟ ಸೇರಿತು.

ಆ ವಾರ ಮೆಟ್ಟಿಲಿನ ಮೇಲೆ ನನ್ನನ್ನು ತಡೆದು ಕೇಳಿದಳು:
ಇದು ವಾಸಿಯಾಗುತ್ತದಾ?
ಇಲ್ಲ.
ಗೆರೆ ಎಳೆದರೆ?
ಸ್ವಲ್ಪ ಕಾಲ. ಗೆರೆಗಳೂ ಒಂದು ದಿನ ಸುಮ್ಮನಾಗಬಹುದು.
ಬೆರಳುಗಳ ನಡುವೆ ಸೂಜಿ ಹುಡುಕುವವಳ ಹಾಗೆ
ಕೈ ನೋಡಿಕೊಂಡಳು, ಬಾಗಿಲು ಹಾಕಿಕೊಂಡಳು.

ಇವತ್ತು ಹೋದರೆ ನೆಲದ ತುಂಬ ನೀಲಿ ಗೆರೆ.
ಟೇಪಲ್ಲ, ದರ್ಜಿಯ ಸೀಮೆಸುಣ್ಣ,
ಕಂಕುಳ ಕತ್ತರಿಸುವವಳ ಕೈಯ ನೇರ.
ನಾನು ಹೇಳಿದ್ದು ಎಂಟು.
ಎಣಿಸಿದರೆ ಹದಿನಾಲ್ಕು.
ಹೆಚ್ಚಿನ ಆರು ಮುಂಗೋಣೆಯ ಕುರ್ಚಿಯಿಂದ ಹೊರಟಿವೆ
(ಮೇ ತಿಂಗಳಿಂದ ಅವನು ನಿದ್ದೆ ಮಾಡುವುದು ಅದರಲ್ಲೇ,
ಮಲಗುವ ಕೋಣೆಯ ಹೊಸ್ತಿಲು ಬಿಡುವುದಿಲ್ಲ ಎಂದು),
ಹೊಸ್ತಿಲಿನ ಆಚೆಗೊಂದು, ಈಚೆಗೊಂದು,
ಕೊನೆಯದು ಮಂಚದ ಪಕ್ಕ, ಗೋಡೆಯ ಕಡೆಗಲ್ಲ,
ಅವಳ ಕನ್ನಡಕ ಇರುವ ಕಡೆಗೆ.

ಬಗ್ಗಿ ಅಳೆದೆ. ಮೂವತ್ತೆಂಟು.
ಕಮ್ಮಿಯಾಯಿತು; ಹೆಜ್ಜೆ ಕಿರಿದಾಗುತ್ತದೆ,
ಅಳಿಸಿ ಮತ್ತೆ ಎಳೆಯಬೇಕು.

ಒರ್ತೆನ್ಸಿಯಾ ಬೆನ್ನು ಹಾಕಿ
ಯಂತ್ರಕ್ಕೆ ದಾರ ಪೋಣಿಸುತ್ತಿದ್ದಳು,
ಪೋಣಿಸಿದ್ದನ್ನೇ ಮತ್ತೆ ಪೋಣಿಸುತ್ತಿದ್ದಳು.

ಅಳತೆಪಟ್ಟಿ ಸುತ್ತಿ ಜೇಬಿಗೆ ಹಾಕಿಕೊಂಡೆ.
ಲೋಟ ಎಲ್ಲಿ ಎಂದು ಕೇಳಿದೆ.