ಯಜ್ದ್‌ನಲ್ಲಿ ಮಳೆಬೂಟು

ರಾತ್ರಿ ಹನ್ನೊಂದೂವರೆ. ಮಣ್ಣಿನ ಗೋಡೆ ಇನ್ನೂ
ಹಗಲು ಕುಡಿದ ಬಿಸಿಲನ್ನು ಮೆಲ್ಲಗೆ ಉಗುಳುತ್ತಿದೆ.
ನನ್ನ ಫೋನಿನೊಳಗಿನ ಪುಟ್ಟ ಚಕ್ರ
ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇದೆ.
ಎಣ್ಣೆಯೂ ಇಲ್ಲ, ಹಿಂಡಿಯೂ ಇಲ್ಲ.

ಅಕ್ಕನಿಗೆ ಒಂದೇ ಮಾತು ಕಳಿಸಬೇಕಿತ್ತು: ತಲುಪಿದೆ.
ಆ ನಾಲ್ಕಕ್ಷರವೇ ತಲುಪುತ್ತಿಲ್ಲ.

ಮುಸಾಫಿರಖಾನೆಯ ರಾತ್ರಿಪಾಳಿಯ ಹುಡುಗ ರೂಜ್ಬೆ
ಪಿಸ್ತಾ ಬಿಡಿಸುತ್ತಾ ನನ್ನನ್ನೇ ನೋಡಿದ,
ಕೊಡಿ ಇಲ್ಲಿ ಎಂಬಂತೆ ಕೈ ಚಾಚಿದ.
"ಫಿಲ್ಟರ್‌ಶಿಕನ್," ಅಂದ. ಜರಡಿ ಮುರಿಯುವುದು.
ನಾವು ವಿಪಿಎನ್ ಎಂದು ಮೂರು ಗುಂಡಿ ಒತ್ತಿದಂತೆ ಅನ್ನುವುದನ್ನು
ಇವರು ಕಲ್ಲು ಎತ್ತಿಹಾಕಿದಂತೆ ಅನ್ನುತ್ತಾರೆ.

ಅವನ ಹತ್ತಿರ ಏಳಿದ್ದವಂತೆ.
ಮೊನ್ನೆ ಒಂದು ಸತ್ತಿತು, ನಿನ್ನೆ ಎರಡು.
ಇದು ಗುರುವಾರದವರೆಗೆ ಉಸಿರಾಡಿದರೆ ಹೆಚ್ಚು.
"ರೊಟ್ಟಿಯ ಥರ," ಅಂದ, "ನಿನ್ನೆಯದು ಇವತ್ತಿಗಾಗದು."

ಯಾವ ದೇಶ ಬೇಕು?
ಫಿನ್‌ಲೆಂಡ್ ನಿಧಾನ, ಜರ್ಮನಿಯಲ್ಲಿ ನೂಕುನುಗ್ಗಲು,
ಹಾಲೆಂಡಿನಲ್ಲಿ ಈ ಹೊತ್ತಿಗೆ ಜಾಗ ಸಿಗುತ್ತದೆ.
ಬಸ್ಸಿನ ಕಿಟಕಿಯಿಂದ ಟವೆಲು ಎಸೆದು ಹಿಡಿದ ಹಾಗೆ
ನನಗೊಂದು ಸೀಟು ಹಿಡಿದ.

ತಲುಪಿತು.

ಸುದ್ದಿ ನೋಡೋಣವೆಂದು ಪುಟ ತೆರೆದರೆ
ಹಳದಿ ಬಣ್ಣದ ರಬ್ಬರ್ ಬೂಟು, ಮೊಣಕಾಲುದ್ದ, ಹನಿ ಹನಿ ನೀರು.
ವರ್ಷಕ್ಕೆ ನಾಲ್ಕು ಸಲ ಮೋಡ ಇಣುಕಿದರೆ
ಮಕ್ಕಳು ಬೀದಿಗೆ ಓಡಿಬರುವ ಈ ಊರಿನಲ್ಲಿ!
ರೂಜ್ಬೆ ಇಣುಕಿ ಗಟ್ಟಿಯಾಗಿ ಓದಿದ:
"ರೇಖೆನ್‌ಲಾರ್ಜೆನ್, ಹಾಲ್ವೆ ಪ್ರೈಸ್."
ಮಳೆಬೂಟು, ಅರ್ಧ ಬೆಲೆ.

ನಾಲ್ಕು ವರ್ಷದ ರಾತ್ರಿಗಳೆಲ್ಲ ಅಲ್ಲೇ ಕಳೆದವನಿಗೆ
ಬಾಯಿಗೆ ಬಂದ ಡಚ್ ಇಷ್ಟೇ.
ಇದು, ಮೀನಿನ ಹೆಸರು ಒಂದು,
ಮತ್ತೆ ಎಲ್ಲ ಪುಟದ ಬಾಗಿಲಲ್ಲೂ ಒತ್ತಬೇಕಾದ
"ಎಲ್ಲವನ್ನೂ ಒಪ್ಪುತ್ತೇನೆ."

ಹೋದ ವಸಂತದಲ್ಲಿ ಹನ್ನೆಕೆ ಅಂತ ಒಬ್ಬಳು
ಉತ್ರೆಕ್ಟಿನವಳು, ಬೆವರಿಳಿಸುತ್ತಾ ಒಳಗೆ ಬಂದಾಗ
ಇವನು ಎದ್ದು ನಿಂತು, ಎದೆಗೆ ಕೈಯಿಟ್ಟು,
ಬಲು ಮರ್ಯಾದೆಯಿಂದ ಅಂದನಂತೆ:
ಮಳೆಬೂಟು, ಅರ್ಧ ಬೆಲೆ!
ಅವಳು ತನ್ನ ಧೂಳು ಮೆತ್ತಿದ ಚಪ್ಪಲಿ ನೋಡಿಕೊಂಡು
ಸೂಟ್‌ಕೇಸಿನ ಮೇಲೆ ಕುಸಿದು ನಕ್ಕಳಂತೆ.
ಆಮೇಲೆ ಇವನ ಬಿರುಕಿನಲ್ಲಿ ನುಸುಳಿ
ತನ್ನೂರಿಗೆ ತಾನೇ ಕಳ್ಳದಾರಿಯಲ್ಲಿ ಹೋಗಿಬಂದಳಂತೆ.

ನಿದ್ದೆ ಬರಲಿಲ್ಲ. ಟಾರ್ಚು ಹಿಡಿದು ಕೆಳಗೆ ಕರೆದೊಯ್ದ.
ಅಂಗಳದಡಿ ನಲವತ್ತೆರಡು ಮೆಟ್ಟಿಲು. ಮುಟ್ಟಿದರೆ ಜುಮ್ಮೆನ್ನುವ ನೀರು,
ಬೆಟ್ಟದ ಬುಡದಿಂದ ಕತ್ತಲಲ್ಲೇ ನಡೆದು ಬಂದದ್ದು.
ಖನಾತ್. ಅವನ ಅಜ್ಜ ಅಗೆಯುವವನು:
ಇಳಿಯುವಾಗ ಬಿಳಿ ಬಟ್ಟೆಯನ್ನೇ ಉಡುತ್ತಿದ್ದ,
ಮಣ್ಣು ಕುಸಿದರೆ ಕಫನ್ನಿಗೆ ಬೇರೆ ಖರ್ಚು ಬೇಡವೆಂದು.

ನಾನು ತಡೆಯಲಾರದೆ ಅಂದೆ:
ನಿನ್ನದೂ ಸುರಂಗವೇ ಅಲ್ಲವೇ ರೂಜ್ಬೆ,
ನಿಮ್ಮ ಮನೆತನದ್ದೇ ಕಸುಬು.

ಅವನು ನೀರಿಗೊಂದು ಪಿಸ್ತಾ ಸಿಪ್ಪೆ ಬಿಟ್ಟು
ಅದು ಹೋಗುವುದನ್ನೇ ನೋಡಿದ.
"ಬಂದವರೆಲ್ಲ ಇದನ್ನೇ ಹೇಳುತ್ತೀರಿ.
ಅಜ್ಜ ತೋಡಿದ್ದು ಐವತ್ತು ವರ್ಷದಿಂದ ಹರಿಯುತ್ತಿದೆ.
ನನ್ನದು ಗುರುವಾರದವರೆಗೆ."

ಮೇಲೆ ಬಂದಾಗ ಫೋನು ನಡುಗುತ್ತಿತ್ತು. ಅಕ್ಕನಲ್ಲ.
ಆಮ್‌ಸ್ಟರ್‌ಡ್ಯಾಮಿನಲ್ಲಿ ಯಾರೋ ನಿಮ್ಮ ಖಾತೆ ತೆರೆದಿದ್ದಾರೆ.
ನೀವೇನಾ?
ಕೆಳಗೆ ಎರಡು ಗುಂಡಿ.

ನಾನು ಯೋಚಿಸುತ್ತಾ ನಿಂತೆ.
ರೂಜ್ಬೆ ನನ್ನ ಭುಜದ ಮೇಲಿನಿಂದ ಬೆರಳು ಚಾಚಿ,
ದಿನಾ ಹೇಳುವ ಸುಳ್ಳನ್ನು ನಮಾಜಿನಷ್ಟು ಸಲೀಸಾಗಿ,
ಹೌದು, ನಾನೇ, ಒತ್ತಿದ.