ಷರಾ

ಕಡೂರಿನಾಚೆಯ ಕಾವಲು. ಆರೂ ಮುಕ್ಕಾಲು.
ಜಿಪಿಎಸ್ ತೋರಿದಲ್ಲೇ ಇಡಬೇಕು ಪೈಪಿನ ಚೌಕ:
ಮೀಟರು ಉದ್ದ, ಮೀಟರು ಅಗಲ,
ಒಳಗಿದ್ದಷ್ಟೇ ಲೆಕ್ಕ.

ಕರಡದ ಹುಲ್ಲು, ಇಪ್ಪತ್ಮೂರು ಬುಡ.
ಕೃಷ್ಣಮೃಗದ ಹಿಕ್ಕೆ, ಒಣಗಿದ್ದು.
‘ತೋಳ ಆ ಮರಡಿಯಾಚೆ, ಎರಡು ಕೂಗಳತೆ’
ಅಂದರು ಚಿತ್ತಯ್ಯ. ಫಾರಮ್ಮಿನಲ್ಲಿ
ಕೂಗಿಗೆ ಜಾಗವಿಲ್ಲ.
ಪಹಣಿಯಲ್ಲಂತೂ ಇದಿಷ್ಟೂ ಖರಾಬು.

ಹದಿನೇಳನೆಯ ಚೌಕ. ಕೈ ಹಿಡಿದು ತಡೆದರು.
ಹೋದ ಮಳೆಯಲ್ಲಿ ಯಾವುದೋ ಹಸು ಊರಿದ ಗೊರಸು,
ಆ ಗುಳಿಯಲ್ಲಿ ನೆಲಗುಬ್ಬಿಯ
ಮೂರು ಮೊಟ್ಟೆ.
ಮಣ್ಣಿನದೇ ಬಣ್ಣ; ನಾನು ಕಂಡಿರಲಿಲ್ಲ.

ನಿಯಮ ಮುರಿದು ಎರಡು ಹೆಜ್ಜೆ ಸರಿಸಿದೆ.
ಷರಾ ಕಾಲಮ್ಮಿನಲ್ಲಿ ಕಾರಣ ಬರೆಯಬೇಕು,
ಪೆನ್ಸಿಲ್ಲು ನಿಂತಿತು.
ಬೀಡಿ ಹಚ್ಚದೆ ಕಿವಿಗೆ ಸಿಕ್ಕಿಸಿಕೊಂಡು
ಚಿತ್ತಯ್ಯ ಪಿಸುಗುಟ್ಟಿದರು:
‘ಮನ್ಯಾಗೆ ಜನ ಐದಾರೆ ಅಂತ ಬರ್ಕಳವ್ವ.’