ಸಿಂಬೆಹುಲ್ಲು

ತುಂಗೆಗಡ್ಡೆ, ಭದ್ರಮುಷ್ಟಿ:
ಎರಡು ಹೊಳೆಗಳ ಹೆಸರು ಹೊತ್ತು ನಿಂತಿದೆ
ಗದ್ದೆಯ ಕಳೆ ಜೇಕು.
ಕಿತ್ತಷ್ಟೂ ಚಿಗುರುವುದಕ್ಕೆ ನಮ್ಮವರು
ಬೈದುಕೊಂಡೇ ಹೆಸರಿಟ್ಟರು.

ಇದಕ್ಕೆ ಇಲ್ಲ.
ಲ್ಯಾಟಿನ್ನಿನ ಎರಡು ಪದ ಇವೆ,
ಕರೆದರೆ ತಿರುಗಿ ನೋಡದಂಥವು.
ಕಾಲೇಜಿನ ಬೀರುವಿನಲ್ಲಿ ಒಂದು ಹಾಳೆ:
ಯಾವನೋ ದೊರೆ ಕುದುರೆಯಿಂದಿಳಿದು ಕಿತ್ತದ್ದು,
ಕಂದು ಶಾಯಿಯಲ್ಲಿ 'ನದಿಯ ಬಳಿ' ಎಂದಷ್ಟೆ.
ಯಾವ ನದಿಯೋ. ಮೂರು ವರ್ಷ
ಗಿರಿಯಿಂದಿಳಿವ ಹಳ್ಳಗಳನ್ನೆಲ್ಲ ತಡಕಿದ್ದೆ.

ಮುತ್ತೋಡಿಯಿಂದ ಒಳಗೆ, ಸೋಮವಾಹಿನಿ ಮಗ್ಗುಲು ಬದಲಿಸುವಲ್ಲಿ,
ಹೊಳೆಮತ್ತಿಯ ಬೇರು ಹಿಡಿದಿಟ್ಟ ಕಪ್ಪು ಮಣ್ಣಲ್ಲಿ
ಮೊಣಕಾಲುದ್ದ, ನೆರಳಿಗೇ ಒಗ್ಗಿದ ಹಸಿರು.
ಬೆರಳ ನಡುವೆ ದಂಟು ಹೊರಳಿಸಿದೆ.
ಮೂರು ಅಂಚು. ಹುಲ್ಲಲ್ಲ.
ಎದೆ ಡವಗುಟ್ಟಿತು; ಅಷ್ಟರಲ್ಲಿ
ಕಾಲ್ಬೆರಳ ಸಂದಿಯಲ್ಲಿ ಇಂಬಳ.

ಎಣಿಸಿದೆ: ಹದಿನೇಳು ಬುಡ.
ವಾಚರ್ ಸೂರಯ್ಯ ಮತ್ತೆ ಎಣಿಸಿ ಹದಿನೆಂಟು ಎಂದ.
ಒಂದು, ಆನೆಯ ಹೆಜ್ಜೆಗುಳಿಯೊಳಗಿತ್ತು.

ನನ್ನ ನಮೂನೆಯಲ್ಲಿ ಕಾಲಂಗಳು:
ಸ್ಥಳೀಯ ಹೆಸರು. ಉಪಯೋಗ.
"ಹೆಸರೆಂಥದು ಮೇಡಂ, ಹುಲ್ಲು ಅಂತಿದ್ವಿ.
ದನ ಮೂಸಿ ಬಿಡ್ತಿತ್ತು. ಕಡವೆಯೂ ಅಷ್ಟೆ."
ಎರಡಕ್ಕೂ ಗೆರೆ ಎಳೆದೆ.

ಅಲ್ಲೇ ಹಿಂದೆ ಅವನ ಊರಿತ್ತಂತೆ.
ಕಾಡು ಅಭಯಾರಣ್ಯವಾಗಿ, ಲಾರಿಯೇರಿ ಹೋದ ಮೂವತ್ತು ಮನೆ.
ಈಗ ಒರಳುಕಲ್ಲಿನ ಗುಳಿಯಲ್ಲಿ ಗೊದಮೊಟ್ಟೆ,
ಹಿತ್ತಿಲ ಹಲಸಿಗೆ ಕರಡಿಯ ಉಗುರು.
ಅದನ್ನೆಲ್ಲ ಹೇಳುತ್ತ ಅವನ ಕೈ
ಸುಮ್ಮನಿರಲಾರದೆ, ಬುಡದಲ್ಲಿ ಒಣಗಿಬಿದ್ದ ಎಲೆ ಹೆಕ್ಕಿ
ಹೊಸೆಯಿತು, ಸುತ್ತಿತು, ತುದಿ ಸಿಕ್ಕಿಸಿತು.

ಅಂಗೈಯಲ್ಲೊಂದು ಬಳೆಯಗಲದ ಸಿಂಬೆ.
ನೋಡಿ ಅವನೇ ಬೆಚ್ಚಿದ.
"ಅವ್ವ ಇದರದ್ದೇ ಮಾಡೋಳು.
ಬೈಹುಲ್ಲಿಂದು ನೆತ್ತಿಗೆ ಕಚ್ಚುತ್ತೆ, ಇದು ತಂಪು ಅನ್ನೋಳು.
ಸಿಂಬೆಹುಲ್ಲು ತಗೊಂಬಾರೋ ಅಂತ ನನ್ನೇ ಅಟ್ಟೋಳು.
ನಲವತ್ತು ವರ್ಷ ಆಯ್ತು,
ಈ ಮಾತು ಬಾಯಿಗೆ ಬಂದು."

ಒಬ್ಬಳೇ ಕರೆದರೆ ಹೆಸರಾದೀತೆ?
ಕೆಲಸ ಕೊಟ್ಟವಳು ಹೋದ ಮೇಲೂ
'ಉಪಯೋಗ' ಎಂದು ಬರೆಯಬಹುದೆ?
ಪೆನ್ಸಿಲ್ ಮೊನೆ ಮುರಿಯಿತು. ಚೂಪು ಮಾಡಿಕೊಂಡೆ.

ತೆನೆಯೊಂದನ್ನು ಬಾಗಿಸಿ ಅವನಿಗೆ ಮಸೂರ ಕೊಟ್ಟೆ.
ಒಂದು ಕಣ್ಣು ಮುಚ್ಚಿ, ಬಾಯಿ ತೆರೆದು, ಬಹಳ ಹೊತ್ತು.
ಕಾಳನ್ನು ಸುತ್ತಿದ ಚೀಲ ಅದು, ಹೊಟ್ಟೆ ಉಬ್ಬಿ,
ಕೊರಳು ಕಿರಿದಾಗಿ... ನಾನು ವಿವರಿಸುವ ಮೊದಲೇ
"ಹೂಜಿ" ಅಂದ. "ಸಾಲಾಗಿ ಹೂಜಿ, ಮೇಡಂ.
ನೀರಿಗೆ ಹೊರಟಂಗಿದೆ."

ಒಂದೇ ದಂಟು ಕತ್ತರಿಸಿಕೊಂಡೆ, ಬುಡ ಕೀಳದೆ,
ಹಳೇ ಪೇಪರಿನ ಸೈಟು ಮಾರಾಟದ ಪುಟದ ನಡುವೆ.
ಸಿಂಬೆಯನ್ನೂ ಕೇಳಿದೆ. ಕೊಡಲಿಲ್ಲ.
ಖಾಕಿ ಟೋಪಿ ತೆಗೆದು, ಅದನ್ನು ನೆತ್ತಿಗಿಟ್ಟು,
ಮೇಲೆ ಟೋಪಿ ಹಾಕಿ
ಹೊಳೆ ದಾಟಿದ,
ಕತ್ತು ಅಲುಗದ ಹಾಗೆ.